ಕೆಳಬೀದಿಯ ಬೇಲಿಗಳು

ಬೆಂಕಿಯ ಗಡಿಗೆ ಹಿಡಿದು ಮುಂದಿದ್ದ ತವಮಣಿ ಕೆಳಬೀದಿಯತ್ತ ತಿರುಗಿದ. ಹೆಗಲೇರಿದ್ದ ಅವನ ತಾಯಿ ಅಂಗಯರ್ಕಣ್ಣಿಯ ಚಟ್ಟವೂ ಹಿಂದೆಯೇ ತಿರುಗಿತು. ಅವನ ಅಪ್ಪ, ನಾಟಿವೈದ್ಯ ಚಡೈಯಾಂಡಿ, ಕೋಲೂರಿ ನಿಂತುಬಿಟ್ಟ.

"ಲೇ, ಸುಡುಗಾಡಿನ ದಾರಿ ಆ ಕಡೆ. ನಮ್ಮನೆ ಹೆಣ ಯಾವತ್ತಾದ್ರೂ ಈ ಬೀದೀಲಿ ಹೋಗಿದ್ಯೇನೋ?"

"ಹೆಣ ಹೋಗಿಲ್ಲಪ್ಪಾ. ಅಮ್ಮ ದಿನಾ ಹೋಗ್ತಿದ್ಲು."

"ಊರು ಏನನ್ನುತ್ತೆ?"

"ಊರು ಹಿಂದೇನೇ ಬರ್ತಿದೆ. ತಿರುಗಿ ನೋಡು."

ನಿಂತಿದ್ದ ತಮಟೆ ಮತ್ತೆ ಶುರುವಾಯಿತು.

*

ಮದುವೆಯಾಗಿ ಬಂದ ಹೊಸತರಲ್ಲಿ ಬೇರು ಅರೆದುಕೊಡುವುದಷ್ಟೇ ಅಂಗಯರ್ಕಣ್ಣಿಯ ಕೆಲಸ. ಮದ್ದಿನ ಹೆಸರು ಬಾಯಿಬಿಟ್ಟರೆ ಅದರ ಗುಣ ಹೋಗುತ್ತದೆ ಎಂದು ಚಡೈಯಾಂಡಿ ಮದ್ದಿನ ಗಿಡಗಳಿದ್ದ ಹಿತ್ತಿಲಿಗೆ ಬೀಗ ಹಾಕುತ್ತಿದ್ದ. ಕೆಳಬೀದಿಯವರು ಬಂದರೆ ಮೈಲಿಗೆಯೆಂದು ಪೊಟ್ಟಣವನ್ನು ಜಗಲಿಯಿಂದಲೇ ಎಸೆಯುತ್ತಿದ್ದ.

ಅವನು ಪಳನಿಗೆ ಹೋಗಿದ್ದಾಗೊಮ್ಮೆ, ಕಾರ್ತಿಕದ ಜಡಿಮಳೆಯಲ್ಲಿ, ಕೆಳಬೀದಿಯ ಪೂವಾಯಿ ಕೆಮ್ಮುವ ಮಗುವನ್ನೆತ್ತಿಕೊಂಡು ಬಂದಳು. ಅಂಗಯರ್ಕಣ್ಣಿ ಒನಕೆಯಿಂದ ಬೀಗ ಒಡೆದಳು. ಕಷಾಯ ಕುಡಿಸಿದ್ದಲ್ಲದೆ, ಆಡುಸೋಗೆಯ ಕಡ್ಡಿಯೊಂದನ್ನು ಮುರಿದು ಪೂವಾಯಿಯ ಕೈಗಿತ್ತಳು.

"ನಿನ್ನ ಬೇಲೀಲಿ ನೆಡು. ಇನ್ನು ಯಾರ ಜಗಲಿ ಮುಂದೇನೂ ಕೈಚಾಚಬೇಡ. ಆದ್ರೆ ಮಗು ಉಸಿರಿಗೆ ಒದ್ದಾಡಿದ್ರೆ ಎಲೆ ನಂಬ್ಕೊಂಡು ಕೂರಬೇಡ ತಾಯಿ, ಆಸ್ಪತ್ರೆಗೆ ಓಡು."

ಗಂಡ ಮರಳಿ ಬಂದವನು ಅವಳೊಡನೆ ಮಾತು ಬಿಟ್ಟ. ಅವಳು ಕೆಳಬೀದಿಯಲ್ಲಿ ಗಿಡ ನೆಡಿಸುವುದನ್ನು ಬಿಡಲಿಲ್ಲ. ಅದೇ ಮನೆಯಲ್ಲಿ, ಅವನಿಗೆ ಅನ್ನ ಬಡಿಸಿಕೊಂಡೇ, ಮುದುಕಿಯಾದಳು.

*

ಚಟ್ಟ ಮುಂದೆ ಹೋದ ಮೇಲೆ, ಚಡೈಯಾಂಡಿ ತಡವಾಗಿ ಕೆಳಬೀದಿಗೆ ಕಾಲಿಟ್ಟ. ಬೇಲಿಯುದ್ದಕ್ಕೂ ಆಡುಸೋಗೆ. ಒಡೆದ ಕೊಡಗಳಲ್ಲಿ ದೊಡ್ಡಪತ್ರೆ, ಎಣ್ಣೆ ಡಬ್ಬಿಗಳಲ್ಲಿ ಒಂದೆಲಗ, ಸೂರಿನಿಂದ ಸೂರಿಗೆ ಹಬ್ಬಿದ ಅಮೃತಬಳ್ಳಿ. ಬಚ್ಚಲ ನೀರು ಹರಿಯುವಲ್ಲೆಲ್ಲ ಹಸಿರು. ಮನೆ ಮುಗಿದರೂ ಗಿಡ ಮುಗಿಯುತ್ತಿರಲಿಲ್ಲ. ತನ್ನ ಹಿತ್ತಿಲು ಅಂಗೈಯಷ್ಟು ಎನ್ನಿಸಿತು ಅವನಿಗೆ.

ಬಾಗಿಲಲ್ಲಿ ಪೂವಾಯಿ ಅಳುತ್ತ ನಿಂತಿದ್ದಳು. ಅವಳ ತಲೆಯೂ ನೆರೆತಿತ್ತು.

"ಇಷ್ಟೂ ಅವಳದೇನಾ?" ಚಡೈಯಾಂಡಿ ಕೇಳಿದ.

"ಅವರದು ಅಂದ್ರೆ ಬೈತಿದ್ರು ಅಯ್ಯಾ. 'ನಿಮ್ಮದು, ನೀವೇ ನೀರು ಹಾಕ್ಕೊಳ್ರೇ, ಸೋಮಾರಿಗಳಾ' ಅಂತಿದ್ರು."

"ನನ್ನನ್ನ... ಏನಂತಿದ್ಲು?"

ಪೂವಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಗುರು ಅಂತಿದ್ರು. ಬಾಯಲ್ಲಿ ಹೇಳಿಕೊಡದಿದ್ರೂ ನಿಮ್ಮ ಕೈ ನೋಡಿ ಕಲಿತೆ ಅಂತಿದ್ರು."

ತಮಟೆಯ ಸದ್ದು ಬೀದಿಯ ಕೊನೆ ತಲುಪಿತ್ತು. ಚಡೈಯಾಂಡಿ ಹೆಗಲ ಮೇಲಿನ ವಸ್ತ್ರ ತೆಗೆದ. ಗುಡಿಯ ಹೊಸಿಲಲ್ಲಿ ದೇವರಿಗೆ ಗೌರವವಾಗಿ ಬಿಗಿಯುವಂತೆ ಸೊಂಟಕ್ಕೆ ಬಿಗಿದ. ತಲೆ ತಗ್ಗಿಸಿ, ಒಂದೊಂದೇ ಬೇಲಿಯನ್ನು ದಾಟುತ್ತ ನಡೆದ.