ಭದ್ರಾ ಚೀಲದ ಹರಳು

ಎಡಗಡೆಯ ಚೀಲ ಭದ್ರಾದ್ದೇ ಆಗಿತ್ತಲ್ಲವೇ? ಅಥವಾ ಜೀಪಿನಿಂದ ಇಳಿಸುವಾಗ ಎಡದ್ದು ಬಲಕ್ಕೆ ಬಂದಿತ್ತೋ?

ಚಂದ್ರಹಾಸ ವರದಿಯ ಹಾಳೆ ಹಿಡಿದು ಎದ್ದು ನಿಂತ. 1997ರ ಡಿಸೆಂಬರ್. ಶಿವಮೊಗ್ಗದ ಕಾಲೇಜೊಂದರ ಕೋಣೆಯಲ್ಲಿ ಭೂರಸಾಯನ ಸಂಘದ ವಾರ್ಷಿಕ ಸಭೆ. ಕಲ್ಲು, ಮಣ್ಣು, ನೀರಿನೊಳಗೆ ಏನೇನಿದೆ ಎಂದು ಹುಡುಕುವ ಹದಿನಾಲ್ಕು ಜನರ ಸಂಘ ಅದು. ಭದ್ರಾವತಿಯ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಅದಿರು ಪರೀಕ್ಷಿಸುವ ಚಂದ್ರಹಾಸ ಅದರ ಕಾರ್ಯದರ್ಶಿ. ವರ್ಷದ ಚಟುವಟಿಕೆ ಓದಬೇಕಾದವನು ಅವನೇ.

ಫೆಬ್ರವರಿ, ನವುಲೆಯಲ್ಲಿ ಮಣ್ಣಿನ ಬಗ್ಗೆ ಉಪನ್ಯಾಸ. ಗಟ್ಟಿಯಾಗಿಯೇ ಓದಿದ. ಏಪ್ರಿಲ್, ಕೂಡ್ಲಿ ಪ್ರವಾಸ. ಅಲ್ಲಿ ದನಿ ತಗ್ಗಿತು.

ಅಂದು ತುಂಗೆ, ಭದ್ರೆ ಕೂಡುವುದಕ್ಕೆ ಮೊದಲೇ ಒಂದೊಂದು ಹೊಳೆಯಿಂದ ಒಂದೊಂದು ಚೀಲ ಮರಳು ತುಂಬಿದ್ದರು.

"ಮರಳಿಗೂ ಜಾತಕ ಬರೆಸ್ತೀರಲ್ಲ ಸಾರ್, ಗಂಡು ಹುಡುಕ್ತಿದೀರಾ?" ಎಂದು ಡ್ರೈವರ್ ಪೀರ್ ಬಾಷಾ ಎಲ್ಲರನ್ನೂ ನಗಿಸಿದ್ದ.

ಅಧ್ಯಕ್ಷರಾದ ಮೂರ್ತಪ್ಪ ಮೇಷ್ಟ್ರು ಮಾತ್ರ ನಗಲಿಲ್ಲ. ಈ ಸೀಮೆಯ ಯಾವ ಬಂಡೆಗಿಂತಲೂ ಹಳೆಯ ನೆಲದ ಚೂರುಗಳನ್ನು ಭದ್ರೆ ಹೊತ್ತು ತರುತ್ತಾಳೆ ಎಂದು ಮೂವತ್ತು ವರ್ಷದಿಂದ ಹೇಳುತ್ತಿದ್ದವರು ಅವರು. ಒಬ್ಬರೂ ನಂಬಿರಲಿಲ್ಲ.

"ನೋಡೋ ಇಲ್ಲಿ" ಎಂದು ಭೂತಗನ್ನಡಿ ಕೊಟ್ಟರು. ಅಂಗೈಯ ಮೇಲಿನ ಚಿಟಿಕೆ ಮರಳು ಕೆಂಪು, ಕಪ್ಪು, ಜೇನುಬಣ್ಣದ ಹರಳುಗಳಾಗಿ ಎದ್ದು ಬಂತು. ಮೊಣಕಾಲುದ್ದ ನೀರಿನಲ್ಲಿ ಚಂದ್ರಹಾಸ ಎಷ್ಟು ಹೊತ್ತು ನಿಂತನೋ ಅವನಿಗೇ ತಿಳಿಯದು. ಹೊಳೆ ಬಿಡುವ ಮೊದಲೇ ಚೀಲಕ್ಕೆ ಚೀಟಿ ಕಟ್ಟಬೇಕೆಂಬುದು ಸಂಘದ ಮೊದಲ ನಿಯಮ. ಅದನ್ನೇ ಮರೆತ. ನೆನಪಾದದ್ದು ಹೊಳೆಹೊನ್ನೂರಿನ ಟೀ ಅಂಗಡಿಯ ಮುಂದೆ ಜೀಪು ಪಂಕ್ಚರ್ ಆದಾಗ. ಸ್ಟೆಪ್ನಿ ತೆಗೆಯಲೆಂದು ಪೀರ್ ಬಾಷಾ ಅಷ್ಟರಲ್ಲಿ ಎರಡೂ ಚೀಲ ಕೆಳಗಿಳಿಸಿದ್ದ.

ಈಗ ಹೊರರಾಜ್ಯದ ಪ್ರಯೋಗಾಲಯದಿಂದ ಬಂದ ಪತ್ರವನ್ನು ಓದಬೇಕಿತ್ತು. ಭದ್ರಾ ಎಂದು ಬರೆದಿದ್ದ ಚೀಲದ ಒಂದು ಜಿರ್ಕಾನ್ ಹರಳಿಗೆ ಮುನ್ನೂರ ಐವತ್ತು ಕೋಟಿ ವರ್ಷ; ಈ ಸೀಮೆಯ ಯಾವ ಬಂಡೆಗೂ ಅಷ್ಟು ವಯಸ್ಸಾಗಿಲ್ಲ. ಗಸಗಸೆಗಿಂತ ಸಣ್ಣ ಹರಳು. ಓದುತ್ತಿದ್ದಂತೆ ಚಂದ್ರಹಾಸನ ಮೈ ಜುಮ್ಮೆಂದಿತು. ಅದು ಹುಟ್ಟಿದಾಗ ತುಂಗೆ ಇರಲಿಲ್ಲ, ಭದ್ರೆ ಇರಲಿಲ್ಲ. ಹುಲ್ಲಿಲ್ಲ, ಮೀನಿಲ್ಲ, ನೋಡುವುದಕ್ಕೆ ಒಂದು ಕಣ್ಣಿಲ್ಲ.

ಪತ್ರದ ಜೊತೆ ಬಂದಿದ್ದ ಹರಳಿನ ಫೋಟೋ ಕೈಯಿಂದ ಕೈಗೆ ಹೋಯಿತು. ಬಾಗಿಲಲ್ಲಿ ನಿಂತಿದ್ದ ಪೀರ್ ಬಾಷಾ ಕೂಡ ಬಗ್ಗಿ ನೋಡಿದ.

"ಇಷ್ಟು ವಯಸ್ಸಾದ್ರೂ ಹೊಳಪು ನೋಡಿ ಸಾರ್" ಎಂದ, ಮೆಲ್ಲಗೆ.

ಮೂರ್ತಪ್ಪ ಮೇಷ್ಟ್ರು ಕನ್ನಡಕ ತೆಗೆದು ಕೈಯಲ್ಲೇ ಹಿಡಿದುಕೊಂಡರು.

"ಚೀಟಿ ನೀನೇ ಬರ್ದಿದ್ದಲ್ವೇನೋ ಚಂದ್ರು?"

"ಹೌದು ಸಾರ್."

"ಮತ್ತೊಂದ್ಸಲ ಮರಳು ತಂದು ನೋಡೋಣ ಅಂತಿದ್ದೆ. ಬೇಡ ಬಿಡು ಮಾರಾಯ. ನೀನು ಬರ್ದಿದ್ದೀಯಲ್ಲ, ಅಷ್ಟು ಸಾಕು."

ಚಂದ್ರಹಾಸ ಬಾಯಿ ತೆರೆದ. ಮೇಷ್ಟ್ರ ಕಣ್ಣು ಫೋಟೋದ ಮೇಲಿತ್ತು. ಮುಂದಿನ ಸಾಲು ಓದಿದ.

ಆ ಚೀಟಿಯನ್ನು ಟೀ ಅಂಗಡಿಯ ಮುಂದೆ ಅಂದಾಜಿನಲ್ಲಿ ಬರೆದದ್ದೆಂದು ಅವನು ಯಾರಿಗೂ, ಯಾವತ್ತೂ ಹೇಳಲಿಲ್ಲ.