ಗೋದಲಿಗೆ ಹುಲ್ಲು

"ಮೆಲ್ಲಗೆ, ನಿಮ್ಮ ಕಡೆ ಸ್ವಲ್ಪ ಎತ್ತಿ ವೆಂಕಟಸ್ವಾಮಿ," ಎಂದು ಇನ್ನಾಸಪ್ಪ ಹೇಳುವಷ್ಟರಲ್ಲಿ ಹಲಗೆ ವಾಲಿಬಿಟ್ಟಿತ್ತು. ಹಲಗೆಯ ಮೇಲಿದ್ದದ್ದು ಕ್ರಿಸ್ಮಸ್ಸಿನ ಗೋದಲಿ: ಗವಿಯಲ್ಲಿ ಮಲಗಿದ ಬಾಲಯೇಸು, ಸುತ್ತ ಮಣ್ಣಿನ ಗುಡ್ಡ, ಕುರಿಗಳು. ಹಬ್ಬ ಕಳೆದು ಇನ್ನೂ ಮೂರೇ ದಿನ. ಜನವರಿಯ ಮೂರು ರಾಯರ ಹಬ್ಬದವರೆಗೂ ಅದು ನಡುಮನೆಯಲ್ಲಿ ಇರಬೇಕಾಗಿತ್ತು. ಆದರೆ ಈಗ ಅದೇ ಜಾಗದಲ್ಲಿ ಅದನ್ನು ಕಟ್ಟಿದವಳನ್ನೇ ಮಲಗಿಸಬೇಕಾಗಿತ್ತು. ಬಿನ್ನಿಪೇಟೆಯ ವಠಾರದ ಮನೆ ಎಂದರೆ ಇಷ್ಟೇ ಅಗಲ. ಹಬ್ಬ ಮತ್ತು ಹೆಣ ಎರಡಕ್ಕೂ ಜಾಗ ಸಾಲುವುದಿಲ್ಲ.

ಮಣ್ಣಿನ ಗುಡ್ಡ ಬಿರಿಯಿತು. ರಾಗಿಕಾಳಿನ ಕಣ್ಣಿನ ಕುರಿಗಳು ಒಂದರ ಹಿಂದೊಂದು ಉದುರಿದವು. ಬಾಲಯೇಸುವನ್ನು ಇನ್ನಾಸಪ್ಪನ ಮಗ ಅರುಳಪ್ಪ ಹೇಗೋ ಅಂಗೈಯಲ್ಲಿ ಹಿಡಿದುಕೊಂಡ. ಗುಡ್ಡದ ಹೊಟ್ಟೆಯೊಳಗಿಂದ ಇನ್ನೇನೋ ಟಣ್ಣೆಂದು ನೆಲಕ್ಕೆ ಬಿದ್ದು, ಉರುಳಿಕೊಂಡು ಹೋಗಿ ಒಳಕೋಣೆಯ ಹೊಸ್ತಿಲಿಗೆ ತಾಗಿ ನಿಂತಿತು. ಆ ಕೋಣೆಯ ಮಂಚದ ಮೇಲೆ ಇನ್ನಾಸಪ್ಪನ ಹೆಂಡತಿ ನೀಲಗಂಗಮ್ಮ, ನಿನ್ನೆ ಸಂಜೆ ನಲ್ಲಿಯ ಹತ್ತಿರ ಕೊಡ ಎತ್ತಲು ಬಗ್ಗಿದವಳು ಮತ್ತೆ ಮೇಲೇಳದೆ, ಬಿಳಿ ಸೀರೆಯಲ್ಲಿ ಮಲಗಿದ್ದಳು.

ಇನ್ನಾಸಪ್ಪ ಹೋಗಿ ಅದನ್ನು ಎತ್ತಿಕೊಂಡ. ಮಣ್ಣು ಒರೆಸಿದ. ಬೆಳ್ಳಿಯ ಕರಡಿಗೆ. ಲಿಂಗಾಯತರು ಕೊರಳಲ್ಲಿ ಲಿಂಗ ಕಟ್ಟಿಕೊಳ್ಳುವ ಕರಡಿಗೆ. ಅದರ ಮುಚ್ಚಳದ ಅಂಚಿನಲ್ಲಿದ್ದ ನೆಗ್ಗನ್ನೂ ಅವನು ಬಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ಅದು ಕೆರೆಯ ನೀರಿಗೆ ಬಿದ್ದ ಸದ್ದನ್ನು ಅವನು ಕಿವಿಯಾರೆ ಕೇಳಿದ್ದ.

"ನಾನು ಬಡಗಿ ಹತ್ರ ಪೆಟ್ಟಿಗೆ ಕೆಲಸ ಎಲ್ಲಿಗೆ ಬಂತು ನೋಡ್ಕೊಂಡ್ ಬರ್ತೀನಿ," ಎಂದು ಪಕ್ಕದ ಮನೆಯ ವೆಂಕಟಸ್ವಾಮಿ ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಟ. ಬಾಗಿಲಲ್ಲಿ ತಿರುಗಿ, "ನಾನೇನೂ ನೋಡಿಲ್ಲ ಇನ್ನಾಸಪ್ಪ," ಎಂದ.

ಹಿತ್ತಲಿಂದ ಇನ್ನಾಸಪ್ಪನ ಅಕ್ಕ ಜ್ಞಾನಮ್ಮನ ದನಿ ಬಂತು. "ಅದೇನೋ ಬಿತ್ತು? ಏನ್ ಒಡೆದ್ರೋ?"

"ಗುಡ್ಡ ಅಕ್ಕ. ಮಣ್ಣಿನ ಗುಡ್ಡ."

ಹಾಗೆಂದು ಕರಡಿಗೆಯನ್ನು ಅಂಗಿಯ ಜೇಬಿಗೆ ಇಳಿಬಿಟ್ಟ. ಅಂಗಿ ಒಂದು ಕಡೆಗೆ ಜಗ್ಗಿತು. ಅರುಳಪ್ಪ ಅಪ್ಪನ ಮುಖ ನೋಡಲಿಲ್ಲ. ಬಾಗಿಲ ಬಳಿ ಹೂ ಕಟ್ಟುತ್ತಿದ್ದ ಮಗಳು ತೆರೇಸಳ ಕೈ ನಿಂತಿತ್ತು. ಅವಳೂ ನೋಡಲಿಲ್ಲ. ಇಬ್ಬರಿಗೂ ಆಶ್ಚರ್ಯವಾಗಿಲ್ಲ ಎಂಬುದು ಇನ್ನಾಸಪ್ಪನಿಗೆ ಆಗ ಹೊಳೆಯಿತು.

*

ಮದುವೆಗೆ ಮುಂಚೆ ಅವನು ಮಾತು ಕೊಟ್ಟಿದ್ದ. "ನಿನ್ನ ದೇವರು ನಿನಗೆ, ನನ್ನ ದೇವರು ನನಗೆ. ನಾನೇನು ಕೇಳೋನಲ್ಲ." ಇಪ್ಪತ್ತೇಳರ ಹರೆಯದಲ್ಲಿ, ವಠಾರದ ನಲ್ಲಿಯ ಹತ್ತಿರ, ಎದುರು ಮನೆಯ ಹುಡುಗಿ ಕೊಡ ತುಂಬಿಸಿಕೊಳ್ಳುತ್ತಾ ನಿಂತಿರುವಾಗ ಯಾವ ಗಂಡಸು ತಾನೇ ಇಂಥ ಮಾತು ಕೊಡುವುದಿಲ್ಲ! ಚರ್ಚಿನಲ್ಲಿ ಮದುವೆಯಾಗಬೇಕಾದರೆ ಜ್ಞಾನಸ್ನಾನ ಆಗಿ ಕ್ರೈಸ್ತಳಾಗಲೇಬೇಕು ಎಂದರು. ಅವಳು ಆಗಲಿ ಎಂದಳು. ಚರ್ಚಿನ ಪುಸ್ತಕದಲ್ಲಿ ಮಾರ್ಗರೀತಮ್ಮ ಎಂದು ಬರೆದರು, ಮನೆಯಲ್ಲಿ ನೀಲಾ ಎಂದೇ ಉಳಿದಳು. ಸೆರಗಿನ ಒಳಗೆ ಕರಡಿಗೆಯೂ ಉಳಿಯಿತು.

ವರ್ಷ ತುಂಬುವುದರೊಳಗೆ ತೆರೇಸ ಹುಟ್ಟಿದಳು. ಬಾಣಂತಿಗೆ ನೀರು ಹಾಕುವಾಗ ಜ್ಞಾನಮ್ಮ ಕೊರಳಲ್ಲಿದ್ದದ್ದನ್ನು ಕಂಡು ಬೀದಿಗೆ ಕೇಳುವ ಹಾಗೆ ಕೂಗಾಡಿದಳು. "ಲಿಂಗ ಕಟ್ಕೊಂಡೋಳು ಮಗೂಗೆ ಹಾಲು ಕೊಡ್ತಾಳಾ? ಫಾದರ್ ಹತ್ರ ಹೋಗ್ತೀನಿ ನಾನು!" ಇನ್ನಾಸಪ್ಪನಿಗೆ ಕೊಟ್ಟ ಮಾತು ನೆನಪಿತ್ತು. ಅಕ್ಕನ ಬಾಯಿಯ ಭಯ ಅದಕ್ಕಿಂತ ಹೆಚ್ಚಿತ್ತು.

"ಅದು ನನ್ನ ಮನೇಲಿ ಇರಕೂಡದು ನೀಲಾ," ಎಂದ.

ಮಗುವಿಗೆ ಮೂರು ತಿಂಗಳಾದಾಗ ಒಂದು ಬೆಳಗ್ಗೆ ಇಬ್ಬರೂ ಕೆಂಪಾಂಬುಧಿ ಕೆರೆಗೆ ನಡೆದರು. ಅವನು ಮಗುವನ್ನು ಎತ್ತಿಕೊಂಡು ಏರಿಯ ಮೇಲೆ ನಿಂತ. ಅವಳು ಒಬ್ಬಳೇ ನೀರಿನ ತನಕ ಇಳಿದು, ಬೆನ್ನು ತಿರುಗಿಸಿ ನಿಂತು, ಸೆರಗಿನಿಂದ ಏನನ್ನೋ ತೆಗೆದು ಎಸೆದಳು. ಬುಳುಕ್ ಎಂದಿತು. ಹತ್ತಿ ಬಂದವಳ ಮುಖದಲ್ಲಿ ಅಳುವಿರಲಿಲ್ಲ. ಎಂಥ ಗಟ್ಟಿ ಹೆಂಗಸು, ನನಗೋಸ್ಕರ ಇಷ್ಟು ಮಾಡಿದಳಲ್ಲ ಎಂದು ಇನ್ನಾಸಪ್ಪನ ಎದೆ ತುಂಬಿ ಬಂತು. ಆ ದಿನದಿಂದ ಅವಳು ಎಲೆ ಅಡಿಕೆ ಹಾಕುವುದನ್ನೂ ಬಿಟ್ಟಳು. ಯಾಕೆ ಎಂದು ಕೇಳಿದರೆ, "ಯಾಕೋ ಬೇಡ ಅನ್ನಿಸ್ತು," ಎಂದಿದ್ದಳು.

*

"ಅವತ್ತು ಅಮ್ಮ ಎಸೆದಿದ್ದು ಸುಣ್ಣದ ಡಬ್ಬಿ," ಎಂದಳು ತೆರೇಸ.

ನೀಲಗಂಗಮ್ಮನನ್ನು ನಡುಮನೆಯ ಬೆಂಚಿನ ಮೇಲೆ ಮಲಗಿಸಿ, ಕೈ ಜೋಡಿಸಿ, ಬೆರಳುಗಳಿಗೆ ಜಪಸರ ಸುತ್ತಿ ಆಗಿತ್ತು. ವಠಾರದ ಹೆಂಗಸರು ಊದುಬತ್ತಿ ಹಚ್ಚುತ್ತಿದ್ದರು. ಅಪ್ಪ, ಮಗಳು, ಮಗ ಮೂವರೂ ಅಡುಗೆಮನೆಯಲ್ಲಿ ದನಿ ತಗ್ಗಿಸಿ ನಿಂತಿದ್ದರು.

"ನಿಂಗೆ ಯಾರು ಹೇಳಿದ್ದು?"

"ಅಮ್ಮಾನೇ."

"ಉಳಿದ ದಿನ ಎಲ್ಲಿರ್ತಿತ್ತು ಇದು?"

"ರಾಗಿ ಡಬ್ಬದಲ್ಲಿ," ಎಂದ ಅರುಳಪ್ಪ. "ಕ್ರಿಸ್ಮಸ್‌ಗೆ ತೆಗೆದು ಗುಡ್ಡದೊಳಗೆ ಇಡ್ತಾ ಇದ್ವಿ. ಒಂದ್ ವರ್ಷ ಅಕ್ಕ, ಒಂದ್ ವರ್ಷ ನಾನು."

"ಇಡ್ತಾ ಇದ್ವಿ ಅಂತೀಯಲ್ಲೋ! ನಿಮಗೆ ಒಂದಿನವಾದ್ರೂ ಅಪ್ಪನಿಗೆ ಹೇಳ್ಬೇಕು ಅನ್ನಿಸ್ಲಿಲ್ವಾ?"

"ಆಣೆ ಇಡಿಸ್ಕೊಂಡಿದ್ಳು ಅಪ್ಪ. ಬಾಲಯೇಸು ಮೇಲೆ."

ಇನ್ನಾಸಪ್ಪನಿಗೆ ನಗು ಬಂದ ಹಾಗಾಯಿತು. ಬಂದದ್ದು ನಗುವಲ್ಲ. ಗೋಡೆ ಹಿಡಿದುಕೊಂಡ. "ಅಂದ್ರೆ ಗೋದಲಿ ಕಟ್ಟಿದ ಹತ್ತೊಂಬತ್ತು ವರ್ಷವೂ... ಅಕ್ಕ, ಫಾದರ್, ನಾವೆಲ್ಲ ಈ ಲಿಂಗದ ಮುಂದೆ ಮೊಣಕಾಲೂರಿ..."

"ಅದಕ್ಕೇ ಅಪ್ಪ," ಎಂದಳು ತೆರೇಸ. "'ಉಳಿದ ದಿನ ರಾಗಿ ಡಬ್ಬದ ಮುಂದೆ ಕದ್ದು ಕೈ ಮುಗೀತೀನಿ, ಈ ಹನ್ನೆರಡು ದಿನವಾದ್ರೂ ದೀಪ ಹಚ್ಚಿ, ಹೂವಿಟ್ಟು, ನಿಮ್ಮಪ್ಪನ ಪಕ್ಕದಲ್ಲೇ ಕೂತ್ಕೊಂಡು ಪೂಜೆ ಮಾಡ್ಬಹುದು' ಅಂತಿದ್ಳು ಅಮ್ಮ. ಯೇಸುವನ್ನೂ ಅವಳು ಸುಳ್ಳಿಗೆ ನಂಬ್ಲಿಲ್ಲ ಅಪ್ಪ. ಇಬ್ರೂ ಬೇಕಾಗಿತ್ತು ಅವಳಿಗೆ. ಅದನ್ನ ಈಗ ಅವಳ ಕೈಲಿ ಇಟ್ಟುಬಿಡೋಣ. ಜಪಸರದ ಕೆಳಗೆ. ಯಾರಿಗೂ ಗೊತ್ತಾಗಲ್ಲ."

"ಯಾರಿಗೂ ಗೊತ್ತಾಗಲ್ಲ! ಆ ವಿದ್ಯೇಲಿ ಪಳಗಿದೀರಲ್ಲ ನೀವು," ಎಂದ ಇನ್ನಾಸಪ್ಪ. "ಇದು ಪೆಟ್ಟಿಗೆಯೊಳಗೆ ಹೋಗಲ್ಲ. ಹೇಳಿದೀನಿ."

*

ಗೋದಲಿಯ ಪದ್ಧತಿ ಶುರುವಾದದ್ದು ತೆರೇಸಳಿಗೆ ನಾಲ್ಕು ವರ್ಷವಾದಾಗ. ಅದಕ್ಕೆ ಮುಂಚೆ ಆ ಮನೆಯ ಕ್ರಿಸ್ಮಸ್ ಎಂದರೆ ಬಾಗಿಲಿಗೆ ಒಂದು ಕಾಗದದ ನಕ್ಷತ್ರ, ಒಂದು ಡಬ್ಬ ಕಜ್ಜಾಯ, ಅಷ್ಟೇ. ಹೊಸ ಹಬ್ಬಕ್ಕೆ ಬಂದ ಹೆಣ್ಣು ಹಬ್ಬವನ್ನೇ ಹೊಸದು ಮಾಡಿಬಿಟ್ಟಳು. ಹುತ್ತದ ಮಣ್ಣು ಜರಡಿ ಹಿಡಿದು, ನೆನೆಸಿ, ಗುಡ್ಡ ಕಟ್ಟಿದಳು. ಗುಡ್ಡದ ಮುಂದೆ ಗವಿ. ವರ್ಷಕ್ಕೆ ಮಗುವಿಗೊಂದು ಹೊಸ ಕುರಿ, ಮಕ್ಕಳೇ ಮಾಡಬೇಕು, ಕಣ್ಣಿಗೆ ರಾಗಿಕಾಳು. ಹಬ್ಬ ಮುಗಿದ ಮೇಲೆ ಗುಡ್ಡವನ್ನು ಅವಳೇ ಬಿಚ್ಚಬೇಕು, ಬೇರೆ ಯಾರೂ ಕೈ ಹಾಕಕೂಡದು.

"ನನಗೇನು ಕೆಲಸ?" ಎಂದು ಇನ್ನಾಸಪ್ಪ ಕೇಳಿದ್ದ.

"ಹುಲ್ಲು ತರೋದು ಮನೆ ಯಜಮಾನರೇ. ಸ್ವಾಮಿ ಮಲಗೋದು ಅದರ ಮೇಲೆ ಅಲ್ವಾ? ಅದು ಬೇರೆಯವರ ಕೈಲಿ ಆಗೋ ಕೆಲಸ ಅಲ್ಲ."

ಅವನಿಗೆ ಕೋಡು ಮೂಡಿತು. ಇಪ್ಪತ್ತನಾಲ್ಕನೇ ತಾರೀಕು ಬಟ್ಟೆ ಮಿಲ್ಲಿನ ಕೆಲಸಕ್ಕೆ ರಜೆ ಹಾಕಿ, ಕುಡುಗೋಲು ಚೀಲ ಸೈಕಲ್ಲಿಗೆ ಸಿಕ್ಕಿಸಿಕೊಂಡು, ಮಾರೇನಹಳ್ಳಿಯ ತರಕಾರಿ ತೋಟಗಳ ಬದುವಿನವರೆಗೂ ತುಳಿದು, ಚೀಲ ತುಂಬ ಗರಿಕೆ ಕೊಯ್ದು ತಂದ. ನೀಲಗಂಗಮ್ಮ ಬಾಗಿಲಲ್ಲೇ ನಿಂತು ಒಂದು ಎಸಳು ಹಿಡಿದು ನೋಡಿ, ತುಟಿ ಸೊಟ್ಟ ಮಾಡಿದಳು.

"ಇಷ್ಟು ಬೇಗ ಬಂದ್ಬಿಟ್ರಾ? ಇದು ಬಲಿತದ್ದು. ಹಸುಗೂಸಿಗೆ ಚುಚ್ಚಲ್ವಾ? ಎಳೇದು ತನ್ನಿ."

"ಮಣ್ಣಿನ ಗೊಂಬೆಗೆ ಚುಚ್ಚುತ್ತಾ ಮಾರಾಯ್ತಿ!" ಎಂದು ನಗುತ್ತಲೇ ಅವನು ಮತ್ತೆ ಸೈಕಲ್ ಹತ್ತಿದ. ಎರಡನೇ ಸಲ ಬರುವಷ್ಟರಲ್ಲಿ ಗುಡ್ಡ ಮುಗಿದು, ಮಕ್ಕಳು ಕೈಕಾಲು ತೊಳೆದು, ದೀಪ ಸಿದ್ಧವಾಗಿರುತ್ತಿತ್ತು. ಅವನು ಗವಿಯೊಳಗೆ ಹುಲ್ಲು ಹಾಸಿ, ಬಾಲಯೇಸುವನ್ನು ಮಲಗಿಸುತ್ತಿದ್ದ. ಪ್ರತಿ ವರ್ಷವೂ ಇದೇ. ಪ್ರತಿ ವರ್ಷವೂ ಮೊದಲ ಚೀಲ ಬಲಿತದ್ದೇ. ಮಿಲ್ಲಿನಲ್ಲಿ ಮಗ್ಗದ ಸದ್ದಿನ ಮೇಲೆ ಕೂಗಿ ಹೇಳುತ್ತಿದ್ದ: "ನಮ್ಮನೇಲಿ ಹುಲ್ಲು ಅಪ್ಪಾನೇ ತರ್ಬೇಕು. ನಮ್ಮ ಪದ್ಧತಿ ಹಾಗೆ!"

*

ಅಡುಗೆಮನೆಯಲ್ಲಿ ಒಬ್ಬನೇ ನಿಂತಾಗ ಅದೇ ಅವನನ್ನು ಇರಿಯುತ್ತಿತ್ತು. ಲಿಂಗ ಬಚ್ಚಿಟ್ಟದ್ದನ್ನು ಹೇಗೋ ನುಂಗಿಕೊಳ್ಳಬಹುದಾಗಿತ್ತು. ಮಾತು ಮುರಿದವರಲ್ಲಿ ತಾನೇ ಮೊದಲಿಗ. ಆದರೆ ಹುಲ್ಲು? ಹತ್ತೊಂಬತ್ತು ವರ್ಷ ಅವನು ಯಜಮಾನಿಕೆ ಎಂದುಕೊಂಡದ್ದು ಬರೀ ಅವನನ್ನು ಮನೆಯಿಂದ ಸಾಗಹಾಕುವ ಉಪಾಯವಾಗಿತ್ತು. ಅವನು ಬದುವಿನ ಮೇಲೆ ಬೆನ್ನು ಬಗ್ಗಿಸಿ ಎಳೇ ಎಸಳು ಹುಡುಕುವಾಗ ತಾಯಿ ಮಕ್ಕಳು ಬಾಗಿಲು ಹಾಕಿಕೊಂಡು ತಮ್ಮ ನಿಜವಾದ ಹಬ್ಬ ಮಾಡುತ್ತಿದ್ದರು. ಆ ಹಬ್ಬದಲ್ಲಿ ಎಲ್ಲರೂ ಇದ್ದರು, ಅವನೊಬ್ಬನನ್ನು ಬಿಟ್ಟು.

ಎರಡು ಗಂಟೆಗೆ ರಾಜಾಜಿನಗರದಿಂದ ರೇವಣಸಿದ್ದಪ್ಪ ಬಂದರು. ನೀಲಗಂಗಮ್ಮನ ಅಣ್ಣ, ಬಟ್ಟೆ ಅಂಗಡಿಯವರು, ಹಣೆಯಲ್ಲಿ ವಿಭೂತಿ. ಬೆಳಗ್ಗೆ ಅರುಳಪ್ಪನೇ ಹೋಗಿ ಸುದ್ದಿ ಮುಟ್ಟಿಸಿದ್ದ. ಇಪ್ಪತ್ತೆರಡು ವರ್ಷದಲ್ಲಿ ಇದೇ ಮೊದಲ ಸಲ ತಂಗಿಯ ಹೊಸ್ತಿಲು ತುಳಿಯುತ್ತಿದ್ದವರು ನೆಟ್ಟಗೆ ಹೋಗಿ ಬೆಂಚಿನ ಪಕ್ಕ ಕುಕ್ಕರಗಾಲಲ್ಲಿ ಕೂತರು. ತಂಗಿಯ ಎಡಗೈಯನ್ನು ಮುಟ್ಟಿದರು.

"ನಮ್ಮಲ್ಲಿ ಈ ಕೈಲಿ ಲಿಂಗ ಇಟ್ಟು ಕಳಿಸ್ತೀವಿ," ಎಂದರು ಇನ್ನಾಸಪ್ಪನಿಗೆ, ತಗ್ಗಿದ ದನಿಯಲ್ಲಿ. "ಕೆರೆಗೆ ಎಸೆದ್ಳು ಅಂತ ಗೊತ್ತಾದ ದಿನ, ನಮ್ಮ ಪಾಲಿಗೆ ಸತ್ತೆ ನೀನು ಅಂತ ಕಾಗದ ಬರೆದೆ. ಎರಡು ಸಲ ಮನೆಗೆ ಬಂದ್ಳು. ಬಾಗಿಲು ತೆಗೀಲಿಲ್ಲ ನಾನು. ಹೊರಗೆ ನಿಂತು, 'ಚೆನ್ನಾಗಿದೀನಿ ಅಣ್ಣಾ' ಅಂದು ಹೋದ್ಳು. ಈಗ ನೋಡಿ, ಬರಿಗೈಲಿ ಹೊರಟಿದಾಳೆ."

ಇನ್ನಾಸಪ್ಪ ಜೇಬಿನ ಮೇಲೆ ಕೈಯಿಟ್ಟುಕೊಂಡ. ಎಸೆದಿಲ್ಲ ಅಣ್ಣಾ ಎಂದು ಒಂದು ಮಾತು ಅಂದಿದ್ದರೆ ಆ ಬಾಗಿಲು ತೆಗೆಯುತ್ತಿತ್ತು. ಅವಳು ಅನ್ನಲಿಲ್ಲ. ಅಂದಿದ್ದರೆ ಅದು ಇವರ ಬಾಯಿಂದ ಹೊರಟು, ಸುತ್ತಿಬಳಸಿ ಜ್ಞಾನಮ್ಮನ ಕಿವಿಗೆ ಬಂದು, ಗಂಡನ ತಲೆ ಬೀದಿಯಲ್ಲಿ ತಗ್ಗುತ್ತಿತ್ತು. ಹಾಗೆಂದುಕೊಂಡರೂ ಅವನ ಸಿಟ್ಟೇನೂ ಇಳಿಯಲಿಲ್ಲ. ಕಣ್ಣು ಮಾತ್ರ ಅವಳ ಎಡಗೈಯ ಮೇಲೆ ನಿಂತಿತು. ಜಪಸರ ಹೇಳುವಾಗ ಆ ಕೈಯನ್ನು ಮಡಿಲಲ್ಲಿ ಅಂಗಾತ ಬಿಡಿಸಿಟ್ಟುಕೊಂಡು ಕೂರುತ್ತಿದ್ದಳು. 'ಯಾರಾದ್ರೂ ಏನಾದ್ರೂ ಕೊಡ್ತಾರೆ ಅಂತ ಕಾಯ್ತೀಯೇನೇ?' ಎಂದು ಅವನು ಎಷ್ಟು ಸಲ ರೇಗಿಸಿದ್ದ.

ವೆಂಕಟಸ್ವಾಮಿ ಪೆಟ್ಟಿಗೆ ತಂದು ಅಂಗಳದಲ್ಲಿ ಇಳಿಸಿದ. ಹೊಸ ಮರದ ವಾಸನೆ ಬಂತು.

"ಒಂದು ಬೆಡ್‌ಶೀಟ್ ಹಾಸಿದ್ರೆ ಸಾಕು," ಎಂದಳು ಜ್ಞಾನಮ್ಮ. "ಫಾದರ್ ನಾಲ್ಕಕ್ಕೆ ಬರ್ತಾರೆ. ಬೇಗ ಬೇಗ ಆಗ್ಲಿ."

ಇನ್ನಾಸಪ್ಪ ಪೆಟ್ಟಿಗೆಯ ತಳಕ್ಕೆ ಕೈಯಾಡಿಸಿದ. "ಬರೀ ಹಲಗೆ ಮೇಲೆ ಮಲಗಿಸ್ತೀರಾ ಅವಳನ್ನ? ಕೆಳಗೆ ಹುಲ್ಲು ಹಾಕ್ಬೇಕು. ನಾನು ತರ್ತೀನಿ."

"ಈಗಲಾ? ನಿಂಗೇನಾಗಿದೆ ಇನ್ನಾಸಿ? ಯಾರನ್ನಾದ್ರೂ ಕಳಿಸು."

"ಹುಲ್ಲು ನಾನೇ ತರ್ಬೇಕು. ಈ ಮನೆ ಪದ್ಧತಿ," ಎಂದ. ಮಾತು ಒರಟಾಗಿ ಬಂತು. "ನೀನು ಈ ಹೆಂಗಸರನ್ನೆಲ್ಲ ಕರ್ಕೊಂಡು ಹೊರಗೆ ಬಾ ಅಕ್ಕ, ಅಂಗಳದಲ್ಲಿ ಕೂತ್ಕೊಳ್ಳಿ. ಮಕ್ಕಳು, ಅವರ ಮಾವ ಸ್ವಲ್ಪ ಹೊತ್ತು ಅವಳ ಹತ್ರ ಇರ್ಲಿ."

ಒಳಗೆ ಹೋಗಿ ಕುಡುಗೋಲು, ಚೀಲ ತೆಗೆದುಕೊಂಡ. ಮೂಲೆಯಲ್ಲಿ ಬಿರಿದ ಗುಡ್ಡದ ಹಲಗೆಯಿತ್ತು. ಜೇಬಿನಿಂದ ಕರಡಿಗೆ ತೆಗೆದು, ಕುರಿಗಳ ನಡುವೆ ಇಟ್ಟ. ತೆರೇಸ ನೋಡುತ್ತಿದ್ದಳು. "ಅಪ್ಪಾ," ಎಂದಳು. ಅವನು ತಿರುಗಲಿಲ್ಲ. ಅವಳ ಮುಖ ನೋಡುವಷ್ಟು ಮನಸ್ಸು ಇನ್ನೂ ಬಂದಿರಲಿಲ್ಲ. ಹೊರಗೆ ಬಂದು ಬಾಗಿಲನ್ನು ತಾನೇ ಎಳೆದುಕೊಂಡ.

ಮಾರೇನಹಳ್ಳಿಯ ತೋಟದ ಕಾಲುವೆಯಲ್ಲಿ ನೀರು ಬಿಟ್ಟಿದ್ದರು. ನಾಲ್ಕು ದಿನದ ಹಿಂದೆ ಅವನೇ ಕೊಯ್ದ ಜಾಗದಲ್ಲಿ ಗರಿಕೆ ಇನ್ನೂ ಮೋಟಾಗಿಯೇ ಇತ್ತು. ಸ್ವಲ್ಪ ಮುಂದಕ್ಕೆ ಹೋಗಿ ಕೂತು, ಸರಸರನೆ ಕೊಯ್ದ. ಬೆವರೂ ಕಣ್ಣೀರೂ ಕೂಡಿ ಮೂಗಿನ ತುದಿಯಿಂದ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಕಾಲು ಗಂಟೆಯಲ್ಲಿ ಚೀಲ ತುಂಬಿತು. ಬಾಯಿ ಕಟ್ಟಿ, ಸೈಕಲ್ಲಿಗೆ ಏರಿಸಿ, ಸ್ಟ್ಯಾಂಡ್ ತೆಗೆದವನು ಹಾಗೇ ನಿಂತ.

ಸ್ಟ್ಯಾಂಡ್ ಮತ್ತೆ ಹಾಕಿದ. ಚೀಲದ ಬಾಯಿ ಬಿಚ್ಚಿ ಒಂದು ಎಸಳು ಎಳೆದು, ಬೆರಳಲ್ಲಿ ಹಿಡಿದು ನೋಡಿದ.

"ಬಲಿತದ್ದು," ಎಂದ, ಗಟ್ಟಿಯಾಗಿ.

ಚೀಲವನ್ನು ಬುಡಮೇಲು ಮಾಡಿ ಅಷ್ಟನ್ನೂ ಬದುವಿನ ಮೇಲೆ ಸುರಿದ. ಆಮೇಲೆ ಕುಡುಗೋಲನ್ನು ಪಕ್ಕಕ್ಕಿಟ್ಟು, ಕಾಲುವೆಯ ಅಂಚಿನಲ್ಲಿ ಮೊಣಕಾಲೂರಿ ಕೂತು, ಬರಿಗೈಯಿಂದ ಎಳೇ ಎಸಳುಗಳನ್ನು ಒಂದೊಂದಾಗಿ ಆರಿಸಿ ಚೀಲಕ್ಕೆ ಹಾಕತೊಡಗಿದ.