ಅದಲುಬದಲಾದ ಜಗ್ಗುಗಳು

ಚಾಕುವಿನ ತುದಿಯಿಂದ ಬೀಜ ಎಬ್ಬಿಸಿ ತಟ್ಟೆಗೆ ಹಾಕುವುದು, ಕಲ್ಲಂಗಡಿಯ ಹೋಳನ್ನು ಜರಡಿಯ ಮೇಲಿಟ್ಟು ಅಂಗೈಯಿಂದ ಒತ್ತುವುದು, ಕೆಂಪು ರಸ ಕೆಳಗಿನ ಪಾತ್ರೆಗೆ ಇಳಿಯುವವರೆಗೆ ಸುಮ್ಮನೆ ಕಾಯುವುದು. ಗುಬ್ಬಿ ಈ ಕೆಲಸವನ್ನು ಮಾತಿಲ್ಲದೆ ಮಾಡುತ್ತಿದ್ದಳು. ದಿನವಿಡೀ ಬೇರೆಯವರ ಮಾತು ಹೊತ್ತು ತಿರುಗುವವಳಿಗೆ ಬಾಯಿ ಮುಚ್ಚಿಕೊಂಡಿರಲು ಸಿಗುತ್ತಿದ್ದ ಹೊತ್ತು ಇದೊಂದೇ.

ಬೇಕರಿಯ ಹಿಂದಿನ ಕಿರುಕೋಣೆ ಅದು. ಗೋಡೆಯಾಚೆ ಭಟ್ಟಿ ಉರಿಯುತ್ತಿತ್ತು. ಹೊರಗೆ ಬಿಸಿಲು, ಒಳಗೆ ಬೆಂಕಿ, ನಡುವೆ ಅವಳು. ಪುದೀನ ಎಲೆಗಳನ್ನು ಬಿಡಿಸಿ ಕೈಯಲ್ಲೇ ಹರಿದು ರಸಕ್ಕೆ ಹಾಕಿದಳು. ಕುಟ್ಟಿದರೆ ಕಹಿಯಾಗುತ್ತದೆ, ಹರಿದರೆ ಘಮ ಬಿಡುತ್ತದೆ ಎಂದು ಅಮ್ಮ ಇದ್ದಾಗ ಹೇಳುತ್ತಿದ್ದಳು. ನಿಂಬೆಹಣ್ಣನ್ನು ಕಲ್ಲಿನ ಮೇಲೆ ಉರುಳಿಸಿ ಮೆತ್ತಗೆ ಮಾಡಿ ಹಿಂಡಿದಳು.

ಅಮ್ಮನ ಕಾಲದಲ್ಲಿ ಇದೆಲ್ಲ ಒಂದೇ ಜಗ್ಗಿಗೆ ಹೋಗುತ್ತಿತ್ತು. ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಸಕ್ಕರೆ, ಮುಗಿಯಿತು. ಈಗ ಎರಡು ಜಗ್ಗು. ಭಟ್ಟಿಯ ಮುಂದೆ ನಿಲ್ಲುವ ಅಣ್ಣನದಕ್ಕೆ ಬರೀ ಉಪ್ಪು. ಹಿಟ್ಟು ನಾದುವ ಸಣ್ಣಣ್ಣನದಕ್ಕೆ ಬರೀ ಸಕ್ಕರೆ. ಎರಡೂ ಒಂದೇ ಅಂಗಡಿಯ ಒಂದೇ ಥರದ ಸ್ಟೀಲಿನ ಜಗ್ಗುಗಳಾದ್ದರಿಂದ, ಗುರುತಿಗೆಂದು ಉಪ್ಪಿನದರ ಮುಚ್ಚಳದ ಮೇಲೆ ಹಿಂಡಿದ ನಿಂಬೆಸಿಪ್ಪೆ ಇಡುತ್ತಿದ್ದಳು.

ಬೇಸಿಗೆ ಶುರುವಾದ ಹೊಸತರಲ್ಲಿ, ಹಾಸ್ಟೆಲ್ಲಿಗೆ ಹೋಗಬೇಕಿದ್ದ ಬ್ರೆಡ್ಡು ಇಡಿಯಾಗಿ ಇದ್ದಿಲಾಗಿತ್ತು. ಅಣ್ಣ ತಲೆಗೆ ನೀರು ಹೊಯ್ದುಕೊಳ್ಳಲು ನಲ್ಲಿಯ ಕಡೆ ಹೋಗಿದ್ದ, ಸಣ್ಣಣ್ಣ ನೋಡಿಕೊಳ್ಳುತ್ತಾನೆಂದು. ಸಣ್ಣಣ್ಣ ಹಿಟ್ಟಿನ ಚೀಲಕ್ಕೆ ಒರಗಿ ಕಣ್ಣು ಮುಚ್ಚಿದ್ದ, ಅಣ್ಣ ಇದ್ದಾನಲ್ಲ ಎಂದು. ಸುಟ್ಟ ವಾಸನೆ ಮೊದಲು ಬಡಿದದ್ದು ಗುಬ್ಬಿಯ ಮೂಗಿಗೆ. ಅಂದು ಅಣ್ಣ ಜಗ್ಗನ್ನು ಆಚೆ ತಳ್ಳಿ, "ಅವನು ಕುಡಿಯೋದರಲ್ಲಿ ನನಗೆ ಬೇಡ" ಅಂದ. "ನನಗೇನು ಉಪ್ಪುನೀರು ಕುಡಿಯೋ ಆಸೆನಾ?" ಅಂದ ಸಣ್ಣಣ್ಣ. ಅಲ್ಲಿಗೆ ಎಣ್ಣೆ ಸೀಗೆಕಾಯಿ ಆದವರು ಮತ್ತೆ ನೇರವಾಗಿ ಮಾತಾಡಲಿಲ್ಲ.

ಆದರೆ ಮಾತಿಲ್ಲದೆ ಬ್ರೆಡ್ಡು ಬೇಯುವುದಿಲ್ಲವಲ್ಲ.

"ಗುಬ್ಬೀ, ಹಿಟ್ಟು ಉಬ್ಬಿದೆಯಾ ಕೇಳು," ಎಂದು ಗೋಡೆಯಾಚೆಯಿಂದ ಅಣ್ಣನ ದನಿ.

"ಉಬ್ಬಿದೆ, ಕೆಲವರ ಮುಖದ ಹಾಗೆ ಅಂತ ಹೇಳು."

"ಮೊದಲು ಕನ್ನಡಿ ನೋಡ್ಕೊಳ್ಳೋಕೆ ಹೇಳು ಅವನಿಗೆ."

ಇಬ್ಬರ ನಡುವೆ ಇದ್ದದ್ದು ಒಂದು ಮೇಜು. ಇಬ್ಬರಿಗೂ ಎಲ್ಲವೂ ಕೇಳಿಸುತ್ತಿತ್ತು. ಆದರೂ ಗುಬ್ಬಿ ಬಾಗಿಲಿಗೆ ಬಂದು, "ಉಬ್ಬಿದೆಯಂತೆ ಅಣ್ಣಾ," ಎಂದು ಹೇಳದೆ ಅವನು ಭಟ್ಟಿಯ ಬಾಗಿಲು ತೆರೆಯುತ್ತಿರಲಿಲ್ಲ. ಉಳಿದ ಮಾತನ್ನು ಅವಳು ಕಲ್ಲಂಗಡಿ ಬೀಜದ ಹಾಗೆ ತನ್ನಲ್ಲೇ ಇಟ್ಟುಕೊಳ್ಳುತ್ತಿದ್ದಳು. ಬೆಳಗಿನಿಂದ ಹೀಗೆ ಓಡಾಡಿ ಮಧ್ಯಾಹ್ನದ ಹೊತ್ತಿಗೆ ಅವಳ ಪಾದಗಳೂ ಹಿಟ್ಟಿನಂತೆಯೇ ಉಬ್ಬಿರುತ್ತಿದ್ದವು.

ಕಿಟಕಿಯಲ್ಲಿ ಟೈಲರ್ ಅಕ್ಕನ ಮುಖ ಕಂಡಿತು. ಓಣಿಯಾಚೆಯ ಅಂಗಡಿ ಅವಳದು. ಕತ್ತಿನಲ್ಲಿ ಅಳತೆಯ ಟೇಪು ನೇತಾಡುತ್ತಿತ್ತು.

"ಏನೇ, ಯೋಚನೆ ಮಾಡಿದ್ಯಾ?"

ಗುಬ್ಬಿ ನಿಂಬೆ ಹಿಂಡುತ್ತ ತಲೆ ತಗ್ಗಿಸಿದಳು.

"ಮಧ್ಯಾಹ್ನ ಬಾ, ಸಂಜೆ ಹೋಗು. ಗುಂಡಿ, ಕಾಜದಿಂದ ಶುರು ಮಾಡಿಸ್ತೀನಿ. ಸೂಜಿಗೆ ದಾರ ಪೋಣಿಸೋಕೂ ನನ್ನ ಕಣ್ಣು ಕೇಳಲ್ಲ ಈಗ. ನೀನು ಬಂದ್ರೆ ಇಬ್ಬರಿಗೂ ಒಳ್ಳೇದು."

"ಅಣ್ಣಂದಿರು..."

"ಅವರೇನು ತೊಟ್ಟಿಲ ಕೂಸುಗಳಾ? ಮೀಸೆ ಬಂದು ಎಷ್ಟು ಕಾಲ ಆಯ್ತು! ನೋಡು, ಊಟಕ್ಕೆ ಅಂಗಡಿ ಮುಚ್ಚೋದರೊಳಗೆ ಹೇಳಿಬಿಡು. ಕೊನೆಮನೆ ಹುಡುಗಿ ದಿನಾ ಬಂದು ಕೇಳ್ತಿದ್ದಾಳೆ. ಎಷ್ಟು ದಿನ ಅಂತ ತಡೀಲಿ?"

ಅಕ್ಕ ಹೋದಳು. ಓಣಿಯಾಚೆ ಹೊಲಿಗೆ ಯಂತ್ರದ ಸದ್ದು ಮತ್ತೆ ಶುರುವಾಯಿತು. ಗುಬ್ಬಿಗೆ ಆ ಸದ್ದು ಎಷ್ಟು ಇಷ್ಟವೆಂದರೆ, ಹಿಟ್ಟು ಜರಡಿ ಹಿಡಿಯುವಾಗಲೂ ಅವಳ ಕಾಲು ತಾನಾಗಿ ಪೆಡಲ್ ತುಳಿದಂತೆ ಆಡುತ್ತಿತ್ತು. ಹೋಗಬೇಕು. ಆದರೆ ಹೋದರೆ ಹಿಟ್ಟು ಉಬ್ಬಿದ್ದನ್ನು ಯಾರು ಹೇಳುತ್ತಾರೆ? ಬ್ರೆಡ್ಡು ಕೆಂಪಾದಾಗ ಯಾರು ಕೂಗುತ್ತಾರೆ? ಇವರಿಬ್ಬರೂ ಹಟ ಹಿಡಿದು ನಿಂತರೆ ಬೇಕರಿಯೇ ಬೂದಿಯಾದೀತು. ಹೀಗೆ ಯೋಚಿಸುತ್ತಿರುವಾಗ ಕೈ ತನ್ನ ಪಾಡಿಗೆ ಉಪ್ಪು ಹಾಕಿತು, ಸಕ್ಕರೆ ಹಾಕಿತು, ಮುಚ್ಚಳ ಮುಚ್ಚಿತು, ಸಿಪ್ಪೆ ಇಟ್ಟಿತು.

ಜಗ್ಗುಗಳನ್ನು ಮೇಜಿನ ಎರಡು ತುದಿಗೆ ಇಟ್ಟು ಅವಳು ಹಿಟ್ಟಿನ ಚೀಲದ ಮೇಲೆ ಕುಳಿತಳು. ಅಣ್ಣ ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡು ಬಂದ. ಒಂದು ಗುಟುಕು ಕುಡಿದು ಮುಖ ಕಿವುಚಿದ.

"ಗುಬ್ಬೀ, ಇದು ನನ್ನದಲ್ಲ. ಪಾಯಸ ಇದ್ದ ಹಾಗಿದೆ."

ಅಷ್ಟರಲ್ಲಿ ಸಣ್ಣಣ್ಣನಿಗೂ ಕೆಮ್ಮು ಬಂತು. "ಇದೂ ನನ್ನದಲ್ಲ. ಸಮುದ್ರವನ್ನೇ ಹಿಂಡಿದ ಹಾಗಿದೆ ಅಂತ ಹೇಳು."

"ಯಾರಿಗೆ ಹೇಳಲಿ?" ಎಂದಳು ಗುಬ್ಬಿ.

ಸಣ್ಣಣ್ಣ ಜಗ್ಗನ್ನು ಮೇಜಿನ ಮೇಲೆ ಕುಕ್ಕಿದ.

ಸಿಪ್ಪೆ ತಪ್ಪು ಜಗ್ಗಿನ ಮೇಲೆ ಕೂತಿತ್ತು, ಅಷ್ಟೆ. ಒಬ್ಬ ಕೈ ಚಾಚಿ ಜಗ್ಗನ್ನು ತಳ್ಳಿದ್ದರೆ ಸಾಕಿತ್ತು. ಇಬ್ಬರೂ ಅವಳ ಕಡೆ ನೋಡಿದರು. ಅಭ್ಯಾಸಬಲದಿಂದ ಅವಳು ಅರ್ಧ ಎದ್ದಳು. ಕಾಲು ನೊಂದಿತು. ಹಾಗೇ ಮತ್ತೆ ಕುಳಿತಳು.

"ನಾಳೆಯಿಂದ ಮಧ್ಯಾಹ್ನ ನಾನು ಟೈಲರ್ ಅಕ್ಕನ ಹತ್ತಿರ ಕೆಲಸಕ್ಕೆ ಹೋಗ್ತೀನಿ."

ಅಣ್ಣ ಟವೆಲನ್ನು ಹೆಗಲಿನಿಂದ ತೆಗೆದ, ಮತ್ತೆ ಹಾಕಿಕೊಂಡ.

"ಆಮೇಲೆ ನಿದ್ದೆ ಹೊಡೆಯೋರನ್ನ ಎಬ್ಬಿಸೋದು ಯಾರು ಅಂತ ಕೇಳು ಅವನನ್ನ," ಅಂದ.

"ನಲ್ಲಿ ಕೆಳಗೆ ಕೂತೋರನ್ನ ಕರೆಯೋದು ಯಾರು ಅಂತ ಕೇಳು," ಅಂದ ಸಣ್ಣಣ್ಣ.

ಗುಬ್ಬಿ ಎರಡನ್ನೂ ದಾಟಿಸಲಿಲ್ಲ. ಓಣಿಯಾಚೆ ಯಂತ್ರದ ಸದ್ದು ನಿಂತಿತು. ಅಕ್ಕ ಯಂತ್ರದ ಮೇಲೆ ಬಟ್ಟೆ ಹೊದಿಸುತ್ತಿರಬೇಕು. ಇನ್ನು ಬೀಗದ ಕೈ ಹುಡುಕುತ್ತಾಳೆ. ಇಲ್ಲಿ ಭಟ್ಟಿಯ ಸಂದಿಯಿಂದ ಬ್ರೆಡ್ಡು ಕೆಂಪಾಗುವ ವಾಸನೆ ಬರತೊಡಗಿತ್ತು. ಎಂದಿನಂತೆ ಮೊದಲು ಅವಳಿಗೇ ಬಂತು. ಅವಳು ಕೂಗಲಿಲ್ಲ. ಮಡಿಲಲ್ಲಿದ್ದ ಕೈಗಳಿಗೆ ಪುದೀನದ ಘಮವಿತ್ತು. ಅವನ್ನು ಮುಖಕ್ಕೆ ಒತ್ತಿಕೊಂಡು, ತೆಗೆದು, ಮೆಲ್ಲಗೆ ಹೇಳಿದಳು:

"ಅಣ್ಣಾ, ಆ ಜಗ್ಗನ್ನ ಸಣ್ಣಣ್ಣನಿಗೆ ನೀನೇ ಕೊಡು."